ಇಳಿಯುವಾಗ ಸರಿ, ಹತ್ತುವಾಗ ಕೆಂಪು ದೀಪ

ಕಾರು 2012ರ ಮಾದರಿ. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಓಡಿದ್ದು 1,14,000 ಕಿ.ಮೀ. ಯಜಮಾನರು ತುಮಕೂರು ಕಡೆಯ ವಿಜ್ಞಾನದ ಮೇಷ್ಟ್ರು, ಅವರ ಹೆಂಡತಿಯ ತವರು ಪುತ್ತೂರು. ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ ಎಂಬ ದೂರಿನೊಂದಿಗೆ ಕಾರು ನಮ್ಮ ಗ್ಯಾರೇಜಿಗೆ ಬಂದಾಗ ಅದರ ಜೊತೆಗೆ ಬೇರೊಂದು ಗ್ಯಾರೇಜಿನ ಅಂದಾಜು ಪಟ್ಟಿಯೂ ಬಂದಿತ್ತು. ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಇಳಿಸುವುದು, ಫೇಸಿಂಗ್ (ಅದರ ತಳ ಸಮ ಮಾಡುವುದು), ಗ್ಯಾಸ್ಕೆಟ್ (ನಡುವೆ ಸೋರದಂತೆ ತಡೆಯುವ ಹಾಳೆ), ಬೋಲ್ಟ್, ಆಯಿಲ್, ಕೂಲಿ ಎಲ್ಲ ಸೇರಿ 28,000 ರೂ. ಕೆಳಗೆ ಪೆನ್ಸಿಲಿನಲ್ಲಿ "ಹೆಡ್ ಹೋಗಿದೆ" ಎಂದು ಬರೆದಿತ್ತು. ಮೇಷ್ಟ್ರಿಗೆ ತಿಳಿಯಬೇಕಿದ್ದುದು ಇಷ್ಟೇ: ನಿಜವಾಗಿಯೂ ಹೋಗಿದೆಯೇ?

ಅಷ್ಟರೊಳಗೆ ಆ ಕಾರು ಮೂರು ಕೈ ದಾಟಿತ್ತು. ಮೊದಲನೆಯವರು ವಾಟರ್ ಪಂಪ್ ಮತ್ತು ರೇಡಿಯೇಟರ್ ಮುಚ್ಚಳ ಬದಲಾಯಿಸಿದ್ದರು. ಎರಡನೆಯವರು ಥರ್ಮೋಸ್ಟ್ಯಾಟನ್ನು, ಅಂದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ವಾಲ್ವನ್ನು, ಕಿತ್ತೆಸೆದು, ಫ್ಯಾನನ್ನು ಸದಾ ತಿರುಗುವಂತೆ ಡೈರೆಕ್ಟ್ ಮಾಡಿ ಕಳಿಸಿದ್ದರು. "ನಮ್ಮ ದೇಶದ ಬಿಸಿಲಿಗೆ ಆ ವಾಲ್ವ್ ಯಾಕೆ ಸಾರ್" ಎನ್ನುವ ಮಾತು ಕರ್ನಾಟಕದ ಯಾವ ಊರಿನ ಗ್ಯಾರೇಜಿನಲ್ಲಿ ಬೇಕಾದರೂ ಕೇಳಸಿಗುತ್ತದೆ. ಮೂರನೆಯವರು ಕೊಟ್ಟದ್ದೇ ಈ ಪಟ್ಟಿ. ಮೂವರೂ ಕೈ ಕೊಳೆ ಮಾಡಿಕೊಂಡು ದುಡಿದಿದ್ದರು, ಸುಮ್ಮನೆ ದುಡ್ಡು ಕಿತ್ತವರಲ್ಲ. ಆದರೆ ಎಂಜಿನ್ ಬಿಸಿಯಾಗುವುದು ಯಾವಾಗ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಬಾನೆಟ್ ಎತ್ತುವ ಮೊದಲು ಕೂತು ಮಾತಾಡುವವನು. ಅರ್ಧ ರೋಗ ಮಾತಿನಲ್ಲೇ ಹೊರಬರುತ್ತದೆ.

ಊರೊಳಗೆ ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತರೆ? ಏನೂ ಆಗುವುದಿಲ್ಲ. ಹೆದ್ದಾರಿಯಲ್ಲಿ 90ರ ವೇಗದಲ್ಲಿ? ಏನೂ ಇಲ್ಲ. ಶಿರಾಡಿ ಘಾಟಿ ಇಳಿದು ಪುತ್ತೂರಿಗೆ ಹೋಗುವಾಗ? ಆರಾಮ. ವಾಪಸು ಬರುವಾಗ ಗುಂಡ್ಯ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಎಸಿ ತಣ್ಣಗೆ ಬೀಸುವುದು ನಿಲ್ಲುತ್ತದೆ, ಮಾರನಹಳ್ಳಿಯ ಸುತ್ತಮುತ್ತ ಕೆಂಪು ದೀಪ ಮಿಣುಕುತ್ತದೆ. ನಿಲ್ಲಿಸಿ ಆರಿಸಿದರೆ ರಿಸರ್ವ್ ಡಬ್ಬಿ ಕುದಿದು ಹೊರಚೆಲ್ಲಿರುತ್ತದೆ. ಪ್ರತಿ ಸಲ ಅರ್ಧ ಲೀಟರಿನಷ್ಟು ನೀರು ಹಿಡಿಯುತ್ತದೆ. ತುಮಕೂರಿನೊಳಗೆ ತಿಂಗಳುಗಟ್ಟಲೆ ಓಡಿಸಿದರೂ ಹನಿ ಕಡಿಮೆಯಾಗುವುದಿಲ್ಲ.

ಇದರ ನಡುವೆ ಅವರು ತೇಲಿಸಿ ಹೇಳಿದ ಎರಡು ಸಂಗತಿಗಳು ನನಗೆ ಕೆಂಪು ದೀಪಕ್ಕಿಂತ ಮುಖ್ಯವಾಗಿ ಕಂಡವು. ಒಂದು, ಮೈಲೇಜು 17ರಿಂದ 14ಕ್ಕೆ ಇಳಿದಿದೆ. ಇನ್ನೊಂದು, ಬೆಳಗಿನ ಜಾವ ಹೊರಟರೆ ಎಂಜಿನ್ ತಣ್ಣಗಿದೆ ಎಂದು ತೋರಿಸುವ ನೀಲಿ ದೀಪ ಬಹಳ ಹೊತ್ತು ಆರುವುದೇ ಇಲ್ಲ. ಆರಿದ ಮೇಲೂ ಘಾಟಿಯ ಇಳಿಜಾರಿನಲ್ಲಿ ಮತ್ತೆ ಹತ್ತಿಕೊಳ್ಳುತ್ತದೆ. ಈ ಕಾರಿನಲ್ಲಿ ಮುಳ್ಳಿನ ಮೀಟರ್ ಇಲ್ಲ, ಇರುವುದು ನೀಲಿ ಮತ್ತು ಕೆಂಪು ದೀಪ ಮಾತ್ರ. ಅವೆರಡರ ನಡುವಿನ 60 ಡಿಗ್ರಿಯಲ್ಲಿ ಏನು ನಡೆಯುತ್ತಿದೆ ಎಂಬುದು ಓಡಿಸುವವನಿಗೆ ಗೊತ್ತೇ ಆಗುವುದಿಲ್ಲ. ಮುಳ್ಳನ್ನು ತೆಗೆದುಹಾಕಿದ್ದು ಕಾರು ತಯಾರಕರು ಮಾಡಿದ ಅತಿ ಕೆಟ್ಟ ಉಳಿತಾಯಗಳಲ್ಲಿ ಒಂದು ಎಂದು ನನ್ನ ಅಭಿಪ್ರಾಯ.

ಒಂದೇ ಕಾರು ಇಳಿಯುವಾಗ ಅತಿಯಾಗಿ ತಣ್ಣಗಾಗುತ್ತದೆ, ಹತ್ತುವಾಗ ಅತಿಯಾಗಿ ಬಿಸಿಯಾಗುತ್ತದೆ. ತಣ್ಣಗಾಗುವುದಕ್ಕೆ ಕಾರಣ ಗೊತ್ತೇ ಇದೆ: ಥರ್ಮೋಸ್ಟ್ಯಾಟ್ ಇಲ್ಲ, ಫ್ಯಾನ್ ಸದಾ ತಿರುಗುತ್ತಿದೆ. ಇಷ್ಟು ತಂಪಿನ ಏರ್ಪಾಡಿದ್ದೂ ಏರಿನಲ್ಲಿ ಕುದಿಯುತ್ತದೆಂದರೆ, ಶಾಖವನ್ನು ಹೊರಹಾಕುವ ತಾಕತ್ತಿಗೇ ಎಲ್ಲೋ ಮಿತಿ ಬಿದ್ದಿರಬೇಕು.

ಘಾಟಿ ಏನು ಮಾಡುತ್ತದೆ ಎಂಬುದನ್ನು ಅಂಕಿಯಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಐದು ಜನ ಕೂತ ಈ ಕಾರು ಸುಮಾರು 1,300 ಕಿಲೋ ತೂಗುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಹತ್ತಲು, ತೂಕ ಎತ್ತುವುದಕ್ಕೇ ಎಂಟೂವರೆ ಕಿಲೋವ್ಯಾಟ್ ಬೇಕು. ಟೈರು, ಗಾಳಿಯ ಪ್ರತಿರೋಧ ಸೇರಿ ಹತ್ತು ದಾಟುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ 90ರಲ್ಲಿ ಓಡಲು ಬೇಕಾದದ್ದೂ ಹೆಚ್ಚುಕಡಿಮೆ ಇಷ್ಟೇ. ಪೆಟ್ರೋಲಿನ ಶಕ್ತಿಯಲ್ಲಿ ಸರಿಸುಮಾರು ಮೂರನೇ ಒಂದು ಪಾಲು ಓಟಕ್ಕೆ, ಇನ್ನೊಂದು ಪಾಲು ಸೈಲೆನ್ಸರಿಗೆ, ಉಳಿದ ಪಾಲು ಕೂಲಿಂಗ್ ನೀರಿಗೆ ಹೋಗುವುದರಿಂದ ಎರಡೂ ಕಡೆ ರೇಡಿಯೇಟರಿಗೆ ಬೀಳುವ ಶಾಖವೂ ಒಂದೇ. ವ್ಯತ್ಯಾಸ ಇರುವುದು ಗಾಳಿಯಲ್ಲಿ. 90ರಲ್ಲಿ ಮುಂದಿನಿಂದ ನುಗ್ಗುವ ಗಾಳಿ 40ರಲ್ಲಿ ಅರ್ಧಕ್ಕೂ ಕಡಿಮೆ. ಅದರ ಮೇಲೆ ಎಸಿಯ ಕಂಡೆನ್ಸರ್ ತನ್ನ ಬಿಸಿಯನ್ನು ರೇಡಿಯೇಟರಿನ ಮುಖಕ್ಕೇ ಊದುತ್ತದೆ. ಲಾರಿಯ ಹಿಂದೆ ಸಿಕ್ಕಿಕೊಂಡರೆ ಸ್ವಂತ ಗಾಳಿಯೂ ಇಲ್ಲ. ಅರ್ಧ ಸತ್ತ ರೇಡಿಯೇಟರ್ ಊರಿನಲ್ಲೂ ಹೆದ್ದಾರಿಯಲ್ಲೂ ಮಾನ ಉಳಿಸಿಕೊಂಡು ಘಾಟಿಯಲ್ಲಿ ಮಾತ್ರ ಸಿಕ್ಕಿಬೀಳುವುದು ಹೀಗೆ.

ಇದು ಇನ್ನೂ ಊಹೆ. ಪೆನ್ಸಿಲಿನ ತೀರ್ಪನ್ನು ಮೊದಲು ಇತ್ಯರ್ಥ ಮಾಡಬೇಕಿತ್ತು. ಗ್ಯಾಸ್ಕೆಟ್ ನಿಜವಾಗಿಯೂ ಹಾರಿದ್ದರೆ ಉಳಿದದ್ದೆಲ್ಲ ಆಮೇಲಿನ ಮಾತು.

ಹೆಡ್ ಹೋಗಿದೆಯೇ?

ಮೂರನೇ ಗ್ಯಾರೇಜಿನವರು ಕೊಟ್ಟ ಸಾಕ್ಷಿ ಆಯಿಲ್ ಮುಚ್ಚಳ. ತೆಗೆದು ನೋಡಿದರೆ ಒಳಗೆ ಕೆನೆಬಣ್ಣದ ನೊರೆ ಅಂಟಿತ್ತು. ಆಯಿಲಿಗೆ ನೀರು ಸೇರಿದರೆ ಹೀಗಾಗುತ್ತದೆ, ಅದು ನಿಜ. ಆದರೆ ಆಯಿಲಿನ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್, ಎಳೆದು ನೋಡಿದರೆ ಆಯಿಲ್ ಶುದ್ಧ ಕಂದು, ಮಟ್ಟವೂ ಏರಿಲ್ಲ. ಗ್ಯಾಸ್ಕೆಟ್ ಮೂಲಕ ನೀರು ಇಳಿದಿದ್ದರೆ ಅದು ತಳ ಸೇರುತ್ತದೆ, ಡಿಪ್‌ಸ್ಟಿಕ್ಕಿನಲ್ಲೇ ಹಾಲು ಬೆರೆಸಿದ ಹಾಗೆ ಕಾಣುತ್ತದೆ. ಮುಚ್ಚಳದಡಿ ಮಾತ್ರ ನೊರೆ ಇದೆಯೆಂದರೆ ಸಾಮಾನ್ಯವಾಗಿ ಅದು ಆವಿ ತಣ್ಣಗಾಗಿ ನಿಂತದ್ದು. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಕೆಳಗಿಳಿಯುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾದರೆ ಅದು ಆರಿಹೋಗಬೇಕು. ಥರ್ಮೋಸ್ಟ್ಯಾಟ್ ಇಲ್ಲದೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಓಡುವ ಎಂಜಿನ್ ಆ ಬಿಸಿಗೆ ತಲುಪುವುದೇ ಇಲ್ಲ. ಅಂದರೆ ಎರಡನೇ ಗ್ಯಾರೇಜಿನ ದುರಸ್ತಿ ಸೃಷ್ಟಿಸಿದ ನೊರೆಯನ್ನು ಮೂರನೇ ಗ್ಯಾರೇಜು ರೋಗವೆಂದು ಓದಿತ್ತು.

ಮಾತಿಗಿಂತ ಪರೀಕ್ಷೆ ಮೇಲು. ತಣ್ಣಗಿದ್ದಾಗ ಕೈಪಂಪಿನಿಂದ ಕೂಲಿಂಗ್ ವ್ಯವಸ್ಥೆಗೆ 1 ಬಾರ್ ಒತ್ತಡ ಕೊಟ್ಟು ಕಾಲು ಗಂಟೆ ಬಿಟ್ಟೆ, ಪಂಪಿನ ಮೀಟರಿನ ಮುಳ್ಳು ಅಲುಗಲಿಲ್ಲ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿಯನ್ನು ಅದುಮುವ ಒತ್ತಡ, ನಾಲ್ಕೂ ಸಿಲಿಂಡರಿನಲ್ಲಿ 12ರಿಂದ 13 ಬಾರ್ ನಡುವೆ ಬಂತು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕುಸಿದಿದ್ದರೆ ಅನುಮಾನ ಪಡಬಹುದಿತ್ತು, ಹಾಗೇನೂ ಇರಲಿಲ್ಲ. ತಣ್ಣನೆಯ ಎಂಜಿನ್ ಶುರು ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೆ ಸಿಲಿಂಡರಿನ ಅನಿಲ ನೀರಿಗೆ ನುಗ್ಗುತ್ತಿದೆ ಎಂದರ್ಥ. ಇಲ್ಲಿ ಹೋಸ್ ಮೆತ್ತಗೇ ಇತ್ತು. ಕೊನೆಗೆ ನೀಲಿ ದ್ರಾವಣದ ಪರೀಕ್ಷೆ. ರೇಡಿಯೇಟರ್ ಬಾಯಿಯ ಮೇಲಿನ ಗಾಳಿಯನ್ನು ದ್ರಾವಣದ ಮೂಲಕ ಎಳೆದಾಗ ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಯಾಗುತ್ತದೆ. ಎಂಜಿನ್ ಬಿಸಿಯಾದ ಮೇಲೆ, 2,500 ಆರ್‌ಪಿಎಂನಲ್ಲಿ ಇಟ್ಟು ನೋಡಿದರೂ ನೀಲಿ ನೀಲಿಯಾಗಿಯೇ ಉಳಿಯಿತು.

ಹೆಡ್ ಬಿಚ್ಚುವ ಮಾತು ಅಲ್ಲಿಗೆ ನಿಂತಿತು. ಈ ದ್ರಾವಣದ ಕಿಟ್ಟು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಒಂದು ಬಾಟಲಿ ಹಲವಾರು ಕಾರಿಗೆ ಬರುತ್ತದೆ. ಹೆಡ್ ಕೆಲಸ ಮಾಡುವ ಗ್ಯಾರೇಜುಗಳಲ್ಲಿ ಇದು ಏಕೆ ಇರುವುದಿಲ್ಲ ಎಂಬುದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ, ಕೆಟ್ಟ ಉತ್ತರವೊಂದಿದೆ.

ರೇಡಿಯೇಟರ್ ಹೇಳಿದ್ದು

ಎಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದರೆ ಒಳಗಿದ್ದದ್ದು ಹಸಿರೋ ಕೆಂಪೋ ಕೂಲೆಂಟ್ ಅಲ್ಲ, ಚಹಾ ಬಣ್ಣದ ನೀರು. ಬಾಯಿಯ ಅಂಚಿನಲ್ಲಿ ಬಿಳಿ ಪೊರೆ. ಮೇಷ್ಟ್ರು ವರ್ಷಗಳಿಂದ ಮನೆಯ ಕೊಳವೆ ಬಾವಿಯ ನೀರನ್ನೇ ಹಾಕುತ್ತಾ ಬಂದಿದ್ದರು. ಶಾಲೆಯ ಕಿಟ್ಟಿನಲ್ಲಿ ಅದರ ಗಡಸುತನ ಅಳೆದು ಬನ್ನಿ ಎಂದೆ. ಲೀಟರಿಗೆ 600 ಮಿಲಿಗ್ರಾಂ ದಾಟಿತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಅಪೇಕ್ಷಿತ ಮಿತಿ 200, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 600. ಈ ನೀರು ಬಿಸಿಯಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗೋಡೆಗೆ ಕೂರುತ್ತದೆ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ. ಶಾಖ ಸಾಗಿಸುವುದರಲ್ಲಿ ಅದು ಅಲ್ಯೂಮಿನಿಯಂಗಿಂತ ನೂರು ಪಟ್ಟು ಮಂದ. ರೇಡಿಯೇಟರ್ ಕೊಳವೆಗಳ ಒಳಸಂದಿಯೋ ಒಂದೆರಡು ಮಿಲಿಮೀಟರ್. ಪ್ರತಿ ಘಾಟಿಯಲ್ಲಿ ಅರ್ಧ ಲೀಟರ್ ಕುದಿದು ಹೋಗುವುದು, ಮನೆಗೆ ಬಂದು ಅದೇ ನೀರು ತುಂಬುವುದು. ಹೀಗೆ ಸುಣ್ಣದ ಕಂತು ತಪ್ಪದೆ ಸಂದಾಯವಾಗಿತ್ತು.

ಎಂಜಿನ್ ಬಿಸಿ ಮಾಡಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ರೇಡಿಯೇಟರಿನ ಮುಖವನ್ನು ಸಾಲು ಸಾಲಾಗಿ ಅಳೆದೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಈ ಉಪಕರಣ ಸುಳ್ಳು ಹೇಳುತ್ತದೆ, ಆದ್ದರಿಂದ ಅಳೆಯುವ ಜಾಗಗಳಿಗೆ ಮೊದಲೇ ಕಪ್ಪು ಟೇಪಿನ ಚೂರು ಅಂಟಿಸಿದ್ದೆ. ಇದು ಎಡದಿಂದ ಬಲಕ್ಕೆ ಅಡ್ಡಲಾಗಿ ನೀರು ಹರಿಯುವ ರೇಡಿಯೇಟರ್. ಮೇಲಿನ ಸಾಲುಗಳಲ್ಲಿ 88, ನಡುವೆ 81, ಕೆಳಗಿನ ಮೂರನೇ ಒಂದು ಭಾಗದಲ್ಲಿ 47 ಡಿಗ್ರಿ. ಕೆಳಗೆ ತಣ್ಣಗಿದೆ ಎಂದರೆ ಚೆನ್ನಾಗಿ ತಣಿಸುತ್ತಿದೆ ಎಂದಲ್ಲ. ಅಲ್ಲಿ ನೀರೇ ಹರಿಯುತ್ತಿಲ್ಲ. ಕೆಸರು ಕೆಳಗಿನ ಕೊಳವೆಗಳನ್ನು ಮುಚ್ಚಿತ್ತು.

ಹೊಸದಾಗಿ ಹಾಕಿದ ಪಂಪ್ ಕೆಟ್ಟದ್ದಿರಬಹುದೇ? ರೇಡಿಯೇಟರಿಗೆ ಒಳಬರುವ ಮತ್ತು ಹೊರಹೋಗುವ ಹೋಸ್‌ಗಳ ಉಷ್ಣತೆ ಇದಕ್ಕೆ ಉತ್ತರ ಕೊಡುತ್ತದೆ. ಪಂಪ್ ಸೋತು ನೀರು ನಿಧಾನವಾಗಿ ಹರಿದರೆ, ರೇಡಿಯೇಟರಿನಲ್ಲಿ ಬಹಳ ಹೊತ್ತು ಉಳಿದ ನೀರು ಚೆನ್ನಾಗಿ ತಣಿದು ಹೊರಬರುತ್ತದೆ, ಎರಡು ಹೋಸ್‌ಗಳ ನಡುವೆ ದೊಡ್ಡ ಅಂತರ ಇರುತ್ತದೆ. ಇಲ್ಲಿ ಎಸಿ ಹಾಕಿ ಆರ್‌ಪಿಎಂ ಏರಿಸಿದಾಗ ಅಂತರ ಬರೀ 4 ಡಿಗ್ರಿ. ನೀರು ಜೋರಾಗಿಯೇ ಓಡುತ್ತಿದೆ, ಬಿಸಿಯನ್ನು ಮಾತ್ರ ಬಿಟ್ಟುಕೊಡುತ್ತಿಲ್ಲ.

ಗಾಳಿಯ ಕಡೆಯೂ ಹಾಗೇ. ಮುಂದಿನ ಬಂಪರ್ ಬಿಚ್ಚಿ ಕಂಡೆನ್ಸರನ್ನು ಸ್ವಲ್ಪ ಮುಂದೆ ವಾಲಿಸಿ ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಅಲ್ಲಲ್ಲಿ ಮಾತ್ರ ಕಂಡಿತು. ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಬೆರಳಗಲದ ಸಂದಿಯಲ್ಲಿ ಕೆಂಪು ಧೂಳು, ಹುಳುಗಳ ರೆಕ್ಕೆ, ರಸ್ತೆಯ ಮೇಲೆ ಹರಡಿದ ರಾಗಿ ಹುಲ್ಲಿನ ಚೂರು ಎಲ್ಲ ಸೇರಿ ಕಂಬಳಿ ನೇಯ್ದಿತ್ತು. ವಾಟರ್ ವಾಶ್ ಮಾಡುವವರು ಮುಂದಿನಿಂದ ಒತ್ತಡದ ನೀರು ಹೊಡೆದಾಗಲೆಲ್ಲ ಅದು ಇನ್ನಷ್ಟು ಬಿಗಿಯಾಗಿದ್ದಿರಬೇಕು.

ದುರಸ್ತಿಗಳ ಪದರ

ಡೈರೆಕ್ಟ್ ಮಾಡಿದ ಫ್ಯಾನನ್ನು ನೋಡಿದಾಗ ನನ್ನ ಮೊದಲ ಅನುಮಾನ ಅದು ಉಲ್ಟಾ ತಿರುಗುತ್ತಿದೆಯೇ ಎಂಬುದು. ಎರಡು ವೈರು ಅದಲು ಬದಲಾದರೆ ಈ ಮೋಟಾರು ಹಿಮ್ಮುಖ ತಿರುಗಿ ಎಂಜಿನ್ನಿನ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಗ್ರಿಲ್ಲಿಗೆ ಹಿಡಿದ ಕಾಗದ ಒಳಕ್ಕೆ ಅಂಟಿಕೊಂಡಿತು, ದಿಕ್ಕು ಸರಿ. ಆದರೆ ಅಂಟಿದ ಬಿಗಿ ಸಾಲದು. ಬ್ಯಾಟರಿಯಲ್ಲಿ 14 ವೋಲ್ಟ್, ಫ್ಯಾನಿನ ಕನೆಕ್ಟರಿನಲ್ಲಿ 10.4. ನಡುವೆ ಕಳೆದುಹೋದ 3.6 ವೋಲ್ಟ್ ಎಲ್ಲಿ ಅಂದರೆ, ಹಾರನ್ನಿಗೆ ಬಳಸುವಂಥ ತೆಳು ವೈರಿನಲ್ಲಿ ಮತ್ತು ಬೆಸುಗೆಯಿಲ್ಲದೆ ತಿರುಚಿ ಟೇಪು ಸುತ್ತಿದ ಒಂದು ಜೋಡಣೆಯಲ್ಲಿ. ಟೇಪು ಕಪ್ಪಾಗಿ ಕರಗಿತ್ತು. ಫ್ಯಾನ್ ಹಗಲಿಡೀ ತಿರುಗುತ್ತಿತ್ತು, ಆದರೆ ಪೂರ್ಣ ವೇಗದಲ್ಲಿ ಒಮ್ಮೆಯೂ ಅಲ್ಲ. ಮೂಲ ದೋಷ ಏನಿತ್ತು ಎಂದು ಹುಡುಕಿದರೆ, ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಾದ ರಿಲೇ ಸುಟ್ಟಿತ್ತು. ಅಷ್ಟೇ.

ಥರ್ಮೋಸ್ಟ್ಯಾಟ್ ಕಿತ್ತರೆ ನೀರು ಸದಾ ಧಾರಾಳವಾಗಿ ಹರಿಯುತ್ತದೆ ಎಂಬ ನಂಬಿಕೆ ಈ ಎಂಜಿನ್ನಿನಲ್ಲಿ ಅರ್ಧ ಸತ್ಯ. ಇದರ ಥರ್ಮೋಸ್ಟ್ಯಾಟಿಗೆ ಎರಡು ತಟ್ಟೆಗಳಿವೆ. ಬಿಸಿಗೆ ಅದರೊಳಗಿನ ಮೇಣ ಹಿಗ್ಗಿದಾಗ ಒಂದು ತಟ್ಟೆ ರೇಡಿಯೇಟರಿನ ದಾರಿ ತೆರೆಯುತ್ತದೆ, ಇನ್ನೊಂದು ಅದೇ ಹೊತ್ತಿಗೆ ಬೈಪಾಸ್ ದಾರಿ ಮುಚ್ಚುತ್ತದೆ. ಇಡೀ ಭಾಗವನ್ನೇ ತೆಗೆದರೆ ಬೈಪಾಸ್ ಶಾಶ್ವತವಾಗಿ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆ ಮತ್ತೆ ಎಂಜಿನ್ನಿಗೇ ಮರಳುತ್ತದೆ. ಕಡಿಮೆ ಹೊರೆಯಲ್ಲಿ ಇದು ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ. ಮೈಲೇಜಿನ ಲೆಕ್ಕವೂ ಇಲ್ಲೇ ಸಿಕ್ಕಿತು. ಎಂಜಿನ್ನಿನ ಮಾಹಿತಿ ಓದುವ ಒಬಿಡಿ ಪೋರ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ ಫೋನಿನಲ್ಲಿ ನೋಡಿದರೆ ಊರೊಳಗಿನ ಓಟದಲ್ಲಿ ನೀರಿನ ಉಷ್ಣತೆ 68ರಿಂದ 74ರ ನಡುವೆ ಆಡುತ್ತಿತ್ತು. ಎಂಜಿನ್ ಇನ್ನೂ ಬಿಸಿಯಾಗಿಲ್ಲ ಎಂದುಕೊಂಡು ಎಂಜಿನ್ನಿನ ಕಂಪ್ಯೂಟರಾದ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇತ್ತು.

ಇನ್ನು ಹೊಸ ಮುಚ್ಚಳ. ಅದರ ಮೇಲೆ 1.1 ಬಾರ್ ಎಂದು ಅಚ್ಚಾಗಿದ್ದರೂ ಪರೀಕ್ಷಿಸಿದಾಗ 0.6ಕ್ಕೇ ಬಾಯಿ ಬಿಟ್ಟಿತು. ಈ ಅಂತರ ಸಣ್ಣದಲ್ಲ. ಸಕಲೇಶಪುರ 900 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ಬರೀ ನೀರು ತೆರೆದ ಪಾತ್ರೆಯಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. 1.1 ಬಾರ್ ಒತ್ತಡ ಹಿಡಿದಿಟ್ಟರೆ ಕುದಿಬಿಂದು 120ಕ್ಕೆ ಏರುತ್ತದೆ, 0.6 ಹಿಡಿದರೆ 111ಕ್ಕೆ ನಿಲ್ಲುತ್ತದೆ. ರೇಡಿಯೇಟರ್ ಸೋತು ಉಷ್ಣತೆ 110ರ ಗಡಿಗೆ ಬಂದಾಗ ಹೆಡ್ಡಿನೊಳಗೆ ಆವಿ ಏಳುತ್ತದೆ, ಆವಿ ನೀರನ್ನು ತಳ್ಳುತ್ತದೆ, ದುರ್ಬಲ ಮುಚ್ಚಳ ಬಿಟ್ಟುಕೊಡುತ್ತದೆ, ಅರ್ಧ ಲೀಟರ್ ಹೊರಗೆ. ನೀರು ಕಡಿಮೆಯಾದದ್ದರಿಂದ ಉಷ್ಣತೆ ಮತ್ತೆ ಏರುತ್ತದೆ. ತುಮಕೂರಿನಲ್ಲಿ ಹನಿಯೂ ಸೋರದ ಕಾರು ಮಾರನಹಳ್ಳಿಯಲ್ಲಿ ನೀರು ಕೇಳುತ್ತಿದ್ದುದರ ಗುಟ್ಟು ಇದು.

ಮಾಡಿದ್ದು

ಮೊದಲು ತೊಳೆಯುವುದು, ಅದೂ ಹಳೆಯ ರೇಡಿಯೇಟರ್ ಜಾಗದಲ್ಲಿದ್ದಾಗಲೇ. ಹೊಸದನ್ನು ಹಾಕಿ ಆಮೇಲೆ ಬ್ಲಾಕ್ ತೊಳೆದರೆ ಬಿಡಿಸಿಕೊಂಡ ಸುಣ್ಣವೆಲ್ಲ ಹೊಸ ಕೊಳವೆಗಳಲ್ಲಿ ಕೂರುತ್ತದೆ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಸಿಟ್ರಿಕ್ ಆಮ್ಲ ಕರಗಿಸಿ ತುಂಬಿಸಿ, ಅರ್ಧ ಗಂಟೆ ಬಿಸಿಯಾಗಿ ಓಡಿಸಿ, ಹೊರಬಿಟ್ಟೆ. ಬಂದದ್ದು ಕೆಂಪು ಗಂಜಿ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರು, ನಂತರ ತಿಳಿಯಾಗುವವರೆಗೆ ಸಾದಾ ನೀರು, ಕೊನೆಗೆ ಡಿಸ್ಟಿಲ್ಡ್ ನೀರು. ಬಚ್ಚಲು ತೊಳೆಯುವ ಆಸಿಡ್ಡನ್ನು ಸುರಿಯುವವರನ್ನು ಕಂಡಿದ್ದೇನೆ. ಅದು ಸುಣ್ಣದ ಜೊತೆಗೆ ಅಲ್ಯೂಮಿನಿಯಂ ಹೆಡ್ಡನ್ನೂ ತಿನ್ನುತ್ತದೆ.

ತೊಳೆದ ಮೇಲೂ ಕೆಳಸಾಲುಗಳು ತೆರೆಯಲಿಲ್ಲ. ಹಿತ್ತಾಳೆಯ ಹಳೇ ರೇಡಿಯೇಟರ್ ಆಗಿದ್ದರೆ ತಲೆ ಬಿಚ್ಚಿ ಸರಳು ಹಾಕಿಸಿ ಮತ್ತೆ ಬೆಸೆಯಿಸಬಹುದಿತ್ತು. ಪ್ಲಾಸ್ಟಿಕ್ ಟ್ಯಾಂಕನ್ನು ಅಂಚು ಮಡಿಸಿ ಕೂರಿಸಿದ ಅಲ್ಯೂಮಿನಿಯಂ ರೇಡಿಯೇಟರಿಗೆ ಆ ಭಾಗ್ಯವಿಲ್ಲ. ಹೊಸದೇ ಬಂತು. ಥರ್ಮೋಸ್ಟ್ಯಾಟ್ ಹೊಸದು, 82 ಡಿಗ್ರಿಯದು. ಹಾಕುವ ಮೊದಲು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ, 82ರ ಹತ್ತಿರ ಬಾಯಿ ತೆರೆದು 95ಕ್ಕೆ ಪೂರ್ತಿ ಅರಳುವುದನ್ನು ಮೇಷ್ಟ್ರಿಗೇ ತೋರಿಸಿದೆ. ಗಾಳಿ ಹೊರಬಿಡುವ ಪುಟ್ಟ ಪಿನ್ನು ಮೇಲ್ಮುಖವಾಗಿ ಕೂರಬೇಕು, ಇಲ್ಲದಿದ್ದರೆ ಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. 1.1 ಬಾರಿನ ಮುಚ್ಚಳವನ್ನೂ ಪರೀಕ್ಷಿಸಿಯೇ ಹಾಕಿದ್ದು. ಡೈರೆಕ್ಟ್ ವೈರು ಕಿತ್ತು, ಹೊಸ ರಿಲೇ ಹಾಕಿ ಫ್ಯಾನಿನ ಅಧಿಕಾರವನ್ನು ಇಸಿಯುಗೆ ಮರಳಿಸಿದೆ. ಕನೆಕ್ಟರಿನಲ್ಲಿ ಈಗ 13.6 ವೋಲ್ಟ್.

ಕೂಲೆಂಟ್ ವಿಷಯದಲ್ಲಿ ಮೇಷ್ಟ್ರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು: ತುಮಕೂರಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಅದನ್ನು ತಡೆಯುವ ಗ್ಲೈಕಾಲ್ ಕೂಲೆಂಟಿನಲ್ಲಿ ಯಾಕೆ? ನಮಗೆ ಬೇಕಾದದ್ದು ಅದರ ಜೊತೆ ಬರುವ ತುಕ್ಕು ನಿರೋಧಕಗಳು, ಪಂಪ್ ಸೀಲಿನ ರಕ್ಷಣೆ ಮತ್ತು ಕೆಲವು ಡಿಗ್ರಿ ಹೆಚ್ಚಿನ ಕುದಿಬಿಂದು. ಶಾಖ ಹೊರುವ ಸಾಮರ್ಥ್ಯದಲ್ಲಿ ಬರೀ ನೀರನ್ನು ಮೀರಿಸುವಂಥದ್ದು ಅದಲ್ಲ. ಹಾಗಾಗಿ ಹೆಚ್ಚು ಸುರಿದರೆ ಹೆಚ್ಚು ತಂಪು ಎಂಬ ಲೆಕ್ಕ ತಪ್ಪು. ನಮ್ಮ ಸೀಮೆಗೆ ಮೂರನೇ ಒಂದು ಪಾಲು ಸಾಕು ಎಂಬುದು ನನ್ನ ಅಭಿಪ್ರಾಯ. ಉಳಿದದ್ದು ಡಿಸ್ಟಿಲ್ಡ್ ನೀರು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವ ವಿಷ. ನೆಲಕ್ಕೆ ಚೆಲ್ಲಿದ್ದನ್ನು ನಾಯಿ ನೆಕ್ಕಿ ಸಾಯುತ್ತದೆ, ಒರೆಸದೆ ಬಿಡಬಾರದು.

ಕಾರಿನ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆದೆ. ಒಟ್ಟು ಬಿಲ್ಲು ಒಂಬತ್ತೂವರೆ ಸಾವಿರದ ಆಸುಪಾಸು, ಅದರಲ್ಲಿ ಅರ್ಧ ರೇಡಿಯೇಟರಿನದೇ.

ದೇವರಾಯನದುರ್ಗ, ಆಮೇಲೆ ಶಿರಾಡಿ

ಪರೀಕ್ಷೆಗೆ ನಮ್ಮ ಊರಿನ ಘಾಟಿ ದೇವರಾಯನದುರ್ಗ. ಏರು ಚಿಕ್ಕದಾದರೂ ಕಡಿದು. ಮಧ್ಯಾಹ್ನದ ಬಿಸಿಲಿನಲ್ಲಿ ನಾಲ್ಕು ಜನ ಕೂತು, ಎಸಿ ಪೂರ್ತಿ ಹಾಕಿ, ಎರಡನೇ ಗೇರಿನಲ್ಲೇ ಹತ್ತಿಸಿದೆವು. ಫೋನಿನಲ್ಲಿ ಕಂಡ ಗರಿಷ್ಠ ಅಂಕಿ 97. 96ಕ್ಕೆ ಫ್ಯಾನ್ ಗರ್ಜಿಸಿ ಶುರುವಾಗುವುದು, 91ಕ್ಕೆ ನಿಲ್ಲುವುದು, ಎರಡೂ ಕಿವಿಗೆ ಕೇಳುತ್ತಿತ್ತು. ಇಳಿಯುವಾಗ 80ಕ್ಕಿಂತ ಕೆಳಗೆ ಹೋಗಲಿಲ್ಲ, ನೀಲಿ ದೀಪ ಹತ್ತಲಿಲ್ಲ.

ಅಡಾಪ್ಟರನ್ನು ಮೇಷ್ಟ್ರಿಗೇ ಕೊಟ್ಟು ಕಳಿಸಿದೆ, ಜೊತೆಗೆ ಘಾಟಿಯ ಸಲಹೆಯನ್ನೂ. 105 ದಾಟಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಬಿಸಿಗೆ ಹಾಕಿ ಬ್ಲೋವರ್ ಜೋರು ಮಾಡಬೇಕು. ಡ್ಯಾಶ್‌ಬೋರ್ಡಿನ ಹಿಂದಿರುವುದೂ ಒಂದು ಪುಟ್ಟ ರೇಡಿಯೇಟರ್ ತಾನೆ, ಬೆವರಿದರೂ ಎಂಜಿನ್ ಉಳಿಯುತ್ತದೆ. ಕೆಂಪು ದೀಪ ಬಂದರೆ ಅಥವಾ ನೀರು ಚೆಲ್ಲುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಆರಿಸಬೇಕು. ಮುಚ್ಚಳಕ್ಕೆ ಮಾತ್ರ ಕೈ ಹಾಕಬಾರದು. 110 ಡಿಗ್ರಿಯ ನೀರಿನ ಮೇಲಿನ ಒತ್ತಡ ಒಮ್ಮೆಲೇ ಬಿಟ್ಟರೆ ಅದು ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದು ಹೆಡ್ ಸೀಳಿಸಿಕೊಂಡವರೂ ಇದ್ದಾರೆ.

ಪುತ್ತೂರಿನಿಂದ ಐದು ಜನ, ತೆಂಗಿನಕಾಯಿ ಮೂಟೆ ಸಮೇತ ಶಿರಾಡಿ ಹತ್ತಿ ಬಂದಾಗ ಅವರ ಫೋನಿನಲ್ಲಿ ದಾಖಲಾದ ಗರಿಷ್ಠ 99, ಅದೂ ಲಾರಿ ಸಾಲಿನ ಹಿಂದೆ ತೆವಳಿದ ಕೆಲವು ನಿಮಿಷ ಮಾತ್ರ. ರಿಸರ್ವ್ ಡಬ್ಬಿಯ ಮಟ್ಟ ಗುರುತಿನಿಂದ ಕದಲಿರಲಿಲ್ಲ. ಮೈಲೇಜು 16ರ ಮೇಲೆ ಬಂದಿದೆ. ಕೆಲವು ತಿಂಗಳ ನಂತರ ಸರ್ವೀಸಿಗೆ ಬಂದಾಗ ನೀಲಿ ದ್ರಾವಣದ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದೆ. ಪದೇಪದೇ ಕುದಿದ ಹೆಡ್ಡನ್ನು ಒಂದೇ ಪರೀಕ್ಷೆಯ ಮೇಲೆ ಪೂರ್ತಿ ನಂಬುವುದು ನನಗೆ ಹಿಡಿಸುವುದಿಲ್ಲ. ಬಣ್ಣ ಬದಲಾಗಲಿಲ್ಲ, ಆಯಿಲ್ ಮುಚ್ಚಳದ ನೊರೆಯೂ ಮಾಯವಾಗಿತ್ತು. ವಾಟರ್ ಪಂಪಿನ ಸೋರುಕಿಂಡಿಯ ಕೆಳಗೆ ಒಣಗಿದ ಗುಲಾಬಿ ಕಲೆಯೊಂದು ಹೊಸದಾಗಿ ಕಂಡಿದೆ. ಸದ್ಯಕ್ಕೆ ಅದರ ಸುತ್ತ ಮಾರ್ಕರಿನಿಂದ ಗೆರೆ ಎಳೆದು ಬಿಟ್ಟಿದ್ದೇನೆ. ಮುಂದಿನ ಸರ್ವೀಸಿನಲ್ಲಿ ಕಲೆ ಗೆರೆ ದಾಟಿದ್ದರೆ ಪಂಪ್ ಬದಲಾಯಿಸುವುದೆಂದು ಮೇಷ್ಟ್ರಿಗೂ ಹೇಳಿದ್ದಾಗಿದೆ.